ಪರವಾಗಿಲ್ಲ ಎನ್ನುವವನ ಅರ್ಜಿ

"ಅರ್ಜಿದಾರರಿಗೆ ಫೋನ್ ಕೊಡಿ," ಎಂದಿತು ಅಂಗವಿಕಲ ವೇತನ ಕಚೇರಿಯ ದನಿ.

ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಬಾಗಿಲಾಚೆ ನಿಂತಿದ್ದ ಮೈದುನನಿಗೆ ದಾಟಿಸಿದಳು.

"ಅವರು ಮಾತಾಡೋಕಾಗಲ್ಲ."

"ಅರ್ಜಿದಾರರೇ ಮಾತಾಡ್ಬೇಕು ಮೇಡಂ. ಮಂಗಳವಾರ ಹನ್ನೊಂದು ಗಂಟೆಗೆ ಡಾಕ್ಟರ ತಪಾಸಣೆ ಇದೆ. ಬರ್ತೀನಿ ಅಂತ ಅವರ ಬಾಯಲ್ಲೇ ಹೇಳ್ಬೇಕು. ಇಲ್ದಿದ್ರೆ ಗೈರುಹಾಜರಿ ಅಂತ ಬರ್ಕೋತೀವಿ."

"ಮಾತಾಡೋ ಸ್ಥಿತೀಲಿ ಇಲ್ಲ ಅಂದ್ನಲ್ಲ."

ಹಾಳೆ ಮಗುಚುವ ಸದ್ದು ಕೇಳಿಸಿತು. "ಮಾತಿಗೂ ತೊಂದ್ರೆ ಇದೆಯಾ? ಅರ್ಜೀಲಿ ಬೆನ್ನು, ಎಡಗಾಲು, ಬಲಗೈ ಅಂತ ಮಾತ್ರ ಇದೆ. ಹೊಸದಾಗಿ ಸೇರಿಸೋ ಹಾಗಿದ್ರೆ..."

ಅವಳು ನಡುಮನೆಯತ್ತ ತಿರುಗಿ ನೋಡಿದಳು. ಗಂಡ ಗೋಡೆ ಬದಿಯ ಮಂಚದ ಮೇಲೆ, ಒಗೆದ ಅಂಗಿ ತೊಟ್ಟು, ಎದೆಯವರೆಗೆ ಹೊದಿಸಿದ ಬಿಳಿ ದುಪ್ಪಟಿಯಡಿ, ಹೇಳಿದ್ದಕ್ಕೆಲ್ಲ ಒಪ್ಪಿಕೊಂಡವನ ಹಾಗೆ ಮಲಗಿದ್ದ.

"ನಿನ್ನೆ ತೀರ್ಕೊಂಡ್ರು," ಎಂದಳು.

"ಅಯ್ಯೋ," ಎಂದಿತು ದನಿ, ನಿಜವಾಗಿಯೂ ನೊಂದು. ಆಮೇಲೆ, "ಅದಕ್ಕೆ ಬೇರೆ ಫಾರಂ ಇದೆ ಮೇಡಂ. ಆರನೇ ಕೌಂಟರ್."

ಅವಳು ಫೋನ್ ಇಟ್ಟಳು. ದೊಡ್ಡಾಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಹದಿನೆಂಟು ವರ್ಷದಿಂದ ಕೂತವಳು ಅವಳು. ಆ ಕೋಣೆಗೆ ಹೋಗಿ, ಈ ಕೋಣೆಗೆ ಹೋಗಿ ಎಂದು ಜನರನ್ನು ಅಟ್ಟುವುದೇ ಅವಳ ಉದ್ಯೋಗ. ಹಾಗಾಗಿ ಆ ದನಿಯನ್ನು ಬೈಯಲು ಬಾಯಿ ಬರಲಿಲ್ಲ. ಬಾಯಿ ಬರಲಿಲ್ಲವೆಂದೇ ಸಿಟ್ಟು ಇಮ್ಮಡಿಯಾಯಿತು.

"ಯಾರು ಅತ್ತಿಗೆ?" ಮೈದುನ ಕೇಳಿದ.

"ನಿಮ್ಮಣ್ಣನ್ನ ಕರೀತಿದ್ರು. ಮಂಗಳವಾರ ಬರ್ಬೇಕಂತೆ."

ಮೈದುನ ಕುರ್ಚಿ ಹಿಡಿದುಕೊಂಡೇ ನಿಂತ. "ಅಣ್ಣನ್ನೇ ಕೇಳಿದ್ದಿದ್ರೆ, ಪರವಾಗಿಲ್ಲ ಬರ್ತೀನಿ ಅಂದ್ಬಿಡೋನು," ಎಂದ. ನಗಲು ಹೋದ ಬಾಯಿ ಸೊಟ್ಟಗಾಯಿತು.

ಹೊರಗೆ ಮೆಟ್ಟಿಲ ಬಳಿ ಗಂಡನ ಜೊತೆ ಕೆಲಸ ಮಾಡಿದವರು ಏಳೆಂಟು ಜನ ನಿಂತಿದ್ದರು. ಅವರ ನಡುವೆ ಗ್ರೀಸು. ಉಜ್ಜಿ ತೊಳೆದರೂ ಉಗುರ ಸಂದಿಯ ಕಪ್ಪು ಹೋಗದ್ದಕ್ಕೆ ಆ ಹೆಸರು. ಗಂಡನ ಕೈಕೆಳಗೆ ಹದಿನಾರು ವರ್ಷ ಲಿಫ್ಟ್ ರಿಪೇರಿ ಕಲಿತವನು, ಈಗ ತಾನೇ ಮೇಸ್ತ್ರಿ.

"ಪರವಾಗಿಲ್ಲಪ್ಪ ಅಂತಲೇ ನಾವೆಲ್ಲ ಕರೀತಿದ್ದಿದ್ದು," ಗ್ರೀಸು ಪಕ್ಕದ ಮನೆಯವರಿಗೆ ಹೇಳುತ್ತಿದ್ದ. "ಎರಡು ಮಹಡಿ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಬಿದ್ದಿದ್ದಾರೆ. ನಾನು ಇಳಿದು ಹೋಗಿ 'ಮೇಸ್ತ್ರಿ, ಮೇಸ್ತ್ರಿ' ಅಂತ ಅಳ್ತಾ ಇದ್ರೆ, 'ಪರವಾಗಿಲ್ಲ ಕಣೋ, ಮೊದಲು ಮೇನ್ ಸ್ವಿಚ್ ಆಫ್ ಮಾಡು' ಅಂದ್ರು!"

ಕೇಳಿದವರು ಮೆಚ್ಚಿ ತಲೆದೂಗಿದರು. ಒಳಗಿದ್ದ ಅವಳಿಗೆ ಎದ್ದು ಹೋಗಿ ಒಬ್ಬೊಬ್ಬರ ತಲೆಯನ್ನೂ ಹಿಡಿದು ನಿಲ್ಲಿಸಬೇಕೆನಿಸಿತು. ಮೆಚ್ಚಿ ಮೆಚ್ಚಿಯೇ ಅವನನ್ನು ಹಾಗೆ ಮಾಡಿದ್ದು ಇವರೇ.

*

ಬಿದ್ದ ಮೇಲೆ ಒಂದು ವರ್ಷ ಕಂಪನಿ ಕಾದು ನೋಡಿತು, ಆಮೇಲೆ ಕೈಬಿಟ್ಟಿತು. ಅಂಗವಿಕಲ ವೇತನಕ್ಕೆ ಅರ್ಜಿ ಹಾಕೋಣವೆಂದು ಅವಳು ಫಾರಂ ತಂದಿಟ್ಟಳು. ಭಾನುವಾರ ಇಬ್ಬರೂ ಕೂತು ತುಂಬಬೇಕೆಂದು ಮಾತಾಗಿತ್ತು. ಶುಕ್ರವಾರವೇ ಅವನು ಎಡಗೈಯಲ್ಲಿ ಗೀಚಿ ತುಂಬಿ, ಮೈದುನನ ಕೈಲಿ ಕಳಿಸಿಬಿಟ್ಟಿದ್ದ.

"ನಿಂಗ್ಯಾಕೆ ತೊಂದ್ರೆ ಅಂತ," ಎಂದ.

ಎರಡು ತಿಂಗಳಿಗೆ ಎರಡು ಸಾಲಿನ ಉತ್ತರ ಬಂತು: ಅರ್ಜಿದಾರರ ಹೇಳಿಕೆಯ ಪ್ರಕಾರವೇ ಅವರು ಕೆಲಸ ಮಾಡಲು ಶಕ್ತರಾಗಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.

ಆಸ್ಪತ್ರೆಯ ಗುಮಾಸ್ತರೊಬ್ಬರು ಹೇಳಿ, ಇಬ್ಬರೂ ಉಚಿತ ಕಾನೂನು ನೆರವಿನ ಕಚೇರಿಗೆ ಹೋದರು. ಕಚೇರಿಯೆಂದರೆ ಝೆರಾಕ್ಸ್ ಅಂಗಡಿಯ ಹಿಂದಿನ ಒಂದೇ ಕೋಣೆ. ಮೇಜು ಯಾವುದು, ಕಿಟಕಿ ಯಾವುದು ಎಂದು ತಿಳಿಯದಷ್ಟು ಫೈಲು. ಅವುಗಳ ನಡುವೆ ಐವತ್ತು ದಾಟಿದ ಲಾಯರಮ್ಮ, ಸ್ಟ್ಯಾಪ್ಲರಿನಲ್ಲಿ ಸಿಕ್ಕಿಕೊಂಡ ಪಿನ್ನನ್ನು ಹಲ್ಲು ಕಚ್ಚಿ ಕೀಳುತ್ತಿದ್ದಳು. ಅರ್ಜಿಯ ನಕಲು ತೆಗೆದುಕೊಂಡು ಗಟ್ಟಿಯಾಗಿ ಓದಿದಳು.

"'ನಡೆಯಬಲ್ಲಿರಾ?' ಉತ್ತರ: 'ಪರವಾಗಿಲ್ಲ.' 'ಭಾರ ಎತ್ತಬಲ್ಲಿರಾ?' 'ಬೇಕಾದರೆ.' 'ಇತರರ ಸಹಾಯ ಅಗತ್ಯವಿದೆಯೇ?' 'ಹೆಚ್ಚೇನಿಲ್ಲ.'" ಕಾಗದ ಕೆಳಗಿಟ್ಟಳು. "ಏನ್ ಸ್ವಾಮಿ, ಇದು ಅಂಗವಿಕಲ ವೇತನಕ್ಕೆ ಹಾಕಿದ ಅರ್ಜೀನೋ, ಪೊಲೀಸ್ ಕೆಲಸಕ್ಕೆ ಹಾಕಿದ್ದೋ?"

ಅವನು ತಲೆ ತಗ್ಗಿಸಿ ನಕ್ಕ. ಹೆಂಡತಿ ನಗಲಿಲ್ಲ.

"ಮೇಲ್ಮನವಿ ಹಾಕೋಣ," ಎಂದಳು ಲಾಯರಮ್ಮ. "ಆದ್ರೆ ವಿಚಾರಣೇಲಿ ನೀವು ನಿಜ ಹೇಳ್ಬೇಕು. ಒಳ್ಳೇ ದಿನದ್ದಲ್ಲ, ಕೆಟ್ಟ ದಿನದ್ದು. ಈಗ ನಾನೇ ಅಧಿಕಾರಿ ಅಂದ್ಕೊಳಿ. ಹೇಗಿದೀರಿ?"

"ಚೆನ್ನಾಗಿದೀನಿ ಮೇಡಂ. ನೀವು?"

ಲಾಯರಮ್ಮ ಹೆಂಡತಿಯ ಕಡೆ ತಿರುಗಿದಳು. "ನೋಡಮ್ಮಾ, ನಾನು ಹೊಡೆದಾಡಬೇಕಾದ್ದು ಇಲಾಖೆ ಜೊತೆ ಅಂದ್ಕೊಂಡಿದ್ದೆ. ನಮ್ಮ ಎದುರು ಪಾರ್ಟಿ ಇವರೇ."

*

ಮನೆಯಲ್ಲಿ ಜನ ಹೆಚ್ಚುತ್ತಿದ್ದರು. ಹೊರಡುವುದು ಮೂರು ಗಂಟೆಗೆಂದು ನಿಗದಿಯಾಗಿತ್ತು. ಬಂದವರೆಲ್ಲ ಮಂಚದ ಬಳಿ ಒಂದು ಗಳಿಗೆ ನಿಂತು, ಅವಳ ಬಳಿ ಬಂದು, ಒಂದೇ ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳುತ್ತಿದ್ದರು: ಒಂದು ದಿನ ಒಂದು ನೋವು ಅಂದವರಲ್ಲ, ಎಂಥ ಮನುಷ್ಯ.

"ಹೌದು," ಎನ್ನುತ್ತಿದ್ದಳು ಅವಳು. ಹತ್ತನೆಯವರು ಹೇಳಿದಾಗ, "ಹೇಳಿದ್ದಿದ್ರೆ ಚೆನ್ನಾಗಿತ್ತು," ಎಂದುಬಿಟ್ಟಳು. ಆ ಹೆಂಗಸು ಬೆಪ್ಪಾಗಿ ಮೈದುನನ ಮುಖ ನೋಡಿದಳು.

ಮೈದುನ ಅತ್ತಿಗೆಯನ್ನು ಅಡುಗೆಮನೆಗೆ ಕರೆದೊಯ್ದು ನೀರು ಕೊಟ್ಟ. "ಇನ್ನು ಬಿಟ್ಬಿಡಿ ಅತ್ತಿಗೆ, ಆ ಕೇಸು. ಅಣ್ಣನೇ ಇಲ್ಲ. ಯಾರಿಗಾಗಿ ಇನ್ನು ಅಲೆಯೋದು?"

"ಬಿಡದೆ ಇನ್ನೇನು," ಎಂದಳು. "ಎರಡು ವರ್ಷ ಅಲೆದೆ. ಅವರ ಮುಂದೆ ನಾನು ಸುಳ್ಳಿ ಥರ ಕೂತೆ. ಆ ಲಿಫ್ಟಿನ ದಿನ ನೆನಸ್ಕೊಂಡ್ರೆ ಈಗ್ಲೂ ಮೈ ಉರಿಯುತ್ತೆ."

*

ಲಿಫ್ಟಿನ ದಿನವೆಂದರೆ ಮೇಲ್ಮನವಿಯ ವಿಚಾರಣೆಯ ದಿನ. ಕಚೇರಿ ಮೂರನೇ ಮಹಡಿಯಲ್ಲಿ. ನಡೆಯಲಾಗದವರ ಅರ್ಜಿಗಳನ್ನು ವಿಚಾರಿಸುವ ಕಚೇರಿಯ ಲಿಫ್ಟಿಗೆ 'ಕೆಟ್ಟಿದೆ' ಎಂಬ ರಟ್ಟು ನೇತುಹಾಕಿದ್ದರು. ಲಾಯರಮ್ಮ ಫೋನಿನಲ್ಲಿ ಕೂಗಿ ಹೇಳಿದ್ದಳು: "ಅಲ್ಲೇ ಕೂತಿರಿ, ಅಲ್ಲಾಡ್ಬೇಡಿ. ಇನ್ನೊಂದು ಕೇಸು ಮುಗಿಸಿ ಬರ್ತೀನಿ, ಅಧಿಕಾರೀನೇ ಕೆಳಗಿಳಿಸ್ತೀನಿ."

ಅವನು ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು, ಕಾವಲುಗಾರನಿಗೆ ಗುಂಡಿ ಒತ್ತಲು ಹೇಳಿ, ಒಳಗಿನ ಸದ್ದು ಕೇಳಿದ. "ಎರಡನೇ ಮಹಡಿ ಬಾಗಿಲಿನ ಲಾಕ್ ಸರಿಯಾಗಿ ಕೂರ್ತಿಲ್ಲ. ಅಷ್ಟೇ. ಧೂಳು ಒರೆಸಿದ್ರೆ ಸಾಕು," ಎಂದ. ಎಷ್ಟೋ ದಿನದಿಂದ ಕಾಣದಿದ್ದ ಕಳೆ ಅವನ ಮುಖದಲ್ಲಿತ್ತು. ಅವಳು ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಅವನು ಮೆಟ್ಟಿಲು ಹಿಡಿದಿದ್ದ.

"ಅವರನ್ನ ಯಾಕೆ ಇಳಿಸೋದು, ಪಾಪ," ಎಂದ.

ಐವತ್ತೆರಡು ಮೆಟ್ಟಿಲು, ಐವತ್ತು ನಿಮಿಷ. ಕೊನೆಯ ಹನ್ನೆರಡು ಮೆಟ್ಟಿಲನ್ನು ಕೂತುಕೊಂಡೇ, ಹಿಂದುಹಿಂದಕ್ಕೆ ಏರಿದ. ಮೇಲೆ ತಲುಪಿ, ಮುಖ ಒರೆಸಿಕೊಂಡು, ತಲೆ ಬಾಚಿಕೊಂಡು, ಅಧಿಕಾರಿಯ ಎದುರು ಕೂತ.

"ಹೇಗೆ ಬಂದ್ರಿ? ಲಿಫ್ಟ್ ಕೆಟ್ಟಿದೆಯಲ್ಲ?"

"ಮೆಟ್ಟಿಲು ಹತ್ಕೊಂಡು ಸಾರ್."

"ಕಷ್ಟ ಆಗ್ಲಿಲ್ವಾ?"

ಮೇಜಿನಡಿ ಅವಳು ಅವನ ಕಾಲನ್ನು ಬಲವಾಗಿ ತುಳಿದಳು. ತುಳಿದದ್ದು ಎಡಗಾಲನ್ನು. ಅವನಿಗೆ ಗೊತ್ತೇ ಆಗಲಿಲ್ಲ.

"ಪರವಾಗಿಲ್ಲ ಸಾರ್," ಎಂದ.

ಲಾಯರಮ್ಮ ಏದುಸಿರು ಬಿಡುತ್ತ ಒಳಗೆ ಬರುವಷ್ಟರಲ್ಲಿ ಅಧಿಕಾರಿ ಬರೆದು ಮುಗಿಸಿದ್ದ: ಅರ್ಜಿದಾರರು ಮೂರು ಮಹಡಿಗಳನ್ನು ಸ್ವತಃ ಹತ್ತಿ ಬಂದಿರುತ್ತಾರೆ. ಲಿಫ್ಟ್ ದುರಸ್ತಿಯ ಬಗ್ಗೆ ಕಾವಲುಗಾರರಿಗೆ ಸಲಹೆ ನೀಡಿರುತ್ತಾರೆ. ಲಾಯರಮ್ಮ ಜಗಳವಾಡಿ, ತೀರ್ಪಿಗೆ ಮೊದಲು ಡಾಕ್ಟರ ತಪಾಸಣೆ ಆಗಬೇಕೆಂದು ಕೆಳಗೊಂದು ಸಾಲು ಸೇರಿಸಿಸಿದಳು.

ಅಂದು ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಅವನನ್ನು ಬೈದಳು. ಆಟೋದವನು ಎರಡು ಸಲ ಹಿಂತಿರುಗಿ ನೋಡಿದ. ಅವನು ಕಿಟಕಿಯಾಚೆ ನೋಡುತ್ತ ಕೂತಿದ್ದ. ಮನೆ ಬಂದಾಗ ಇಳಿಯಲಾಗಲಿಲ್ಲ. ಆಟೋದವನೇ ಎತ್ತಿ ಇಳಿಸಿದ.

*

ಎರಡೂವರೆಗೆ ಲಾಯರಮ್ಮ ಬಂದಳು. ಕರಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ಮಂಚದ ಬಳಿ ಬಹಳ ಹೊತ್ತು ನಿಂತಳು. ಆಮೇಲೆ ಒಳಕೋಣೆಗೆ ಬಂದು ಅವಳ ಪಕ್ಕ ಕೂತಳು.

"ಬೆಳಿಗ್ಗೆ ಫೋನ್ ಬಂದಿತ್ತು," ಎಂದಳು ಅವಳು. "ಮಂಗಳವಾರ ಬರ್ಬೇಕಂತೆ."

ಲಾಯರಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟಳು. "ಪತ್ರ ಬರೆದು ಇಪ್ಪತ್ತು ದಿನ ಆಯ್ತು, ಅವರನ್ನ ಕರೀಬೇಡಿ, ಮನೇಗೇ ಬಂದು ನೋಡಿ ಅಂತ. ಅವರಿಗೆ ಓದೋಕೆ ಬರುತ್ತೋ ಇಲ್ವೋ."

"ಇನ್ನು ಆ ಫೈಲು ಮುಚ್ಬಿಡಿ ಮೇಡಂ. ನಂಗೆ ಸಾಕಾಯ್ತು."

"ಮುಚ್ಚೋದಾದ್ರೆ ಮುಚ್ಚೋಣ. ಆದ್ರೆ ಅವರು ಬದುಕಿದ್ದ ದಿನಗಳ ವೇತನ ನಿಮಗೆ ಬರಬೇಕಾದ್ದೇ. ನಿಮ್ಮ ಹೆಸರಲ್ಲಿ ಮುಂದುವರಿಸಬಹುದು. ತಿಂಗಳೊಳಗೆ ಹೇಳಿದ್ರಾಯ್ತು. ಇವತ್ತು ಅದಕ್ಕೆ ಬಂದಿಲ್ಲ ನಾನು." ಚೀಲದೊಳಕ್ಕೆ ಕೈ ಹಾಕಿ ಸ್ವಲ್ಪ ತಡೆದಳು. "ಇದನ್ನ ನಿಮಗೆ ತೋರಿಸ್ಬೇಡಿ ಅಂದಿದ್ರು. ಇನ್ನು ನಾನು ಇಟ್ಕೊಳೋದು ಸರಿಯಲ್ಲ."

ನಾಲ್ಕು ಹಾಳೆ, ಮೂಲೆಗೆ ಪಿನ್ನು.

"ಹೋದ ತಿಂಗಳು ನೀವು ಡ್ಯೂಟಿಗೆ ಹೋದಾಗ ಆಟೋ ಮಾಡ್ಕೊಂಡು ಒಬ್ಬರೇ ಬಂದಿದ್ರು. ಝೆರಾಕ್ಸ್ ಅಂಗಡಿಯವರು ಹಿಡ್ಕೊಂಡು ಒಳಗೆ ತಂದು ಕೂರಿಸಿದ್ರು. 'ಅವಳ ಎದುರಿಗೆ ನಂಗೆ ಹೇಳೋಕಾಗಲ್ಲ ಮೇಡಂ, ನೀವು ಬರ್ಕೊಳಿ' ಅಂದ್ರು. ಎರಡು ಗಂಟೆ ಹೇಳಿದ್ರು. ಒಂದ್ಸಲಾನೂ ಪರವಾಗಿಲ್ಲ ಅನ್ಲಿಲ್ಲ."

ಅವಳು ಹಾಳೆಗಳನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು.

ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲು ನನ್ನಿಂದ ಆಗುವುದಿಲ್ಲ. ಕೂತಂತೆ ಕಾಣುವಾಗ ಎಡಗೈ ಊರಿ ಮೈಭಾರ ತಡೆದುಕೊಂಡಿರುತ್ತೇನೆ. ಬಲಗೈಯ ಮೂರು ಬೆರಳಿಗೆ ಬಿಸಿ ತಿಳಿಯುವುದಿಲ್ಲ. ಎರಡು ಸಲ ಸುಟ್ಟುಕೊಂಡಿದ್ದೇನೆ. ಬಾಗಿಲಿಗೆ ಸಿಕ್ಕಿತೆಂದು ಹೆಂಡತಿಗೆ ಹೇಳಿದ್ದೇನೆ. ಹಗಲು ಒಬ್ಬನೇ ಇರುವಾಗ ಬಚ್ಚಲುಮನೆಗೆ ಹೋಗಲು ಹೆದರಿಕೆ. ಒಮ್ಮೆ ಬಿದ್ದು, ಅವಳು ಬರುವ ವೇಳೆಗೆ ಹೇಗೋ ತೆವಳಿ ಬಂದು ಮಂಚ ಸೇರಿದೆ. ಆದ್ದರಿಂದ ಅವಳು ಕೆಲಸದಿಂದ ಬರುವವರೆಗೆ ನೀರು ಕುಡಿಯುವುದಿಲ್ಲ.

ಅವಳು ಅಲ್ಲಿಗೆ ಓದು ನಿಲ್ಲಿಸಿದಳು.

"ದಿನಾ ಜಗ್ಗು ತುಂಬಿಸಿ ಇಟ್ಟು ಹೋಗ್ತಿದ್ದೆ," ಎಂದಳು. "ಬಂದು ನೋಡಿದ್ರೆ ಇಟ್ಟ ಹಾಗೇ ಇರೋದು. 'ಬಾಯಾರಿಕೆನೇ ಆಗ್ಲಿಲ್ಲ' ಅನ್ನೋರು. ಬೈತಿದ್ದೆ. ನೀರು ಕುಡಿಯೋಕೂ ಸೋಮಾರಿತನವಾ ಅಂತ ಬೈತಿದ್ದೆ ಮೇಡಂ."

ಲಾಯರಮ್ಮ ಕೋಟನ್ನು ಪಕ್ಕಕ್ಕಿಟ್ಟು ಅವಳ ಹತ್ತಿರ ಸರಿದಳು.

"ಎರಡು ಗಂಟೆ," ಎಂದಳು ಅವಳು. ದನಿ ಏರಿತು. "ನಿಮ್ಮ ಹತ್ರ ಎರಡು ಗಂಟೆ ಹೇಳೋಕೆ ಬಾಯಿತ್ತು. ನಂಗೆ ಎರಡು ಮಾತು ಹೇಳಿದ್ದಿದ್ರೆ? ಮಧ್ಯಾಹ್ನದ ಊಟದ ಹೊತ್ತಿಗೆ ಒಂದ್ಸಲ ಬಂದು ಹೋಗ್ತಿರ್ಲಿಲ್ವಾ ನಾನು? ಆಸ್ಪತ್ರೆ ಏನು ಸಮುದ್ರದಾಚೆ ಇದೆಯಾ?"

"ಅದನ್ನೇ ಕೇಳಿದೆ. 'ಅವಳು ಬಂದೇ ಬರ್ತಾಳೆ ಮೇಡಂ, ಅದಕ್ಕೇ ಹೇಳಿಲ್ಲ' ಅಂದ್ರು."

ಬಾಗಿಲಲ್ಲಿ ಗ್ರೀಸು ಕಾಣಿಸಿಕೊಂಡ. "ಅಕ್ಕಾ, ವ್ಯಾನು ಬಂತು. ಎತ್ತೋಣವಾ?"

"ಇರು," ಎಂದಳು, ತಲೆಯೆತ್ತದೆ. ಮೂರನೆಯ ಹಾಳೆಯ ಮೇಲೆ ಅವಳ ಬೆರಳು ಸರಿಯುತ್ತಿತ್ತು. ಸರಿದು ಒಂದು ಸಾಲಿನ ಕೆಳಗೆ ನಿಂತಿತು.

ಅಂಗಿಯನ್ನು ಮಾತ್ರ ನಾನೇ ಹಾಕಿಕೊಳ್ಳುತ್ತೇನೆ, ಗುಂಡಿಗಳನ್ನೂ ಹಾಕಿಕೊಳ್ಳುತ್ತೇನೆ.

"ಸುಳ್ಳು," ಎಂದಳು. "ಇದು ಶುದ್ಧ ಸುಳ್ಳು ಮೇಡಂ. ಇದನ್ನ ಹೀಗೇ ಕಳಿಸಿದ್ರೆ ಅದನ್ನೇ ಹಿಡ್ಕೋತಾರೆ ಅವರು. ನಂಗೆ ಗೊತ್ತಿಲ್ವಾ ಕೌಂಟರಿನವರ ಬುದ್ಧಿ! ಪೆನ್ನು ಕೊಡಿ."

"ಅವರ ಹೇಳಿಕೆ ಅದು, ನಾವು ತಿದ್ದೋ ಹಾಗಿಲ್ಲ. ನಿಮ್ಮದೇ ಹೇಳಿಕೆ ಬೇರೆ ಬರ್ಕೊಡಬಹುದು, ನಿಧಾನಕ್ಕೆ..."

"ಹಾಳೆ ಕೊಡಿ ಹಾಗಾದ್ರೆ."

"ಇವತ್ತೇ?"

"ಈಗಲೇ."

ಲಾಯರಮ್ಮ ಚೀಲದಿಂದ ಫೈಲು, ಬಿಳಿ ಹಾಳೆ, ಪೆನ್ನು ತೆಗೆದುಕೊಟ್ಟಳು. ಅವಳು ಫೈಲನ್ನು ಮೊಣಕಾಲ ಮೇಲಿಟ್ಟುಕೊಂಡು ಬಗ್ಗಿದಳು. ಹೊರಗೆ ಜನ ಎದ್ದು ನಿಲ್ಲುವ, ಕುರ್ಚಿ ಸರಿಸುವ ಸದ್ದು. ಮೈದುನ ಬಂದು ಬಾಗಿಲಲ್ಲಿ ಗ್ರೀಸುವಿನ ಪಕ್ಕ ನಿಂತ. ಅತ್ತಿಗೆಯ ಕೈ ನೋಡಿ, ತಿರುಗಿ ಹೊರಗಿನವರಿಗೆ ತಡೆಯಿರಿ ಎಂದು ಸನ್ನೆ ಮಾಡಿದ. ವ್ಯಾನಿನವನು ಒಮ್ಮೆ ಹಾರ್ನ್ ಮಾಡಿದ.

ಆಸ್ಪತ್ರೆಯ ಚೀಟಿಗಳಲ್ಲಿ ಕೋಣೆಯ ನಂಬರು ಬರೆದು ಬರೆದು ದುಂಡಗಾಗಿದ್ದ ಅಕ್ಷರಗಳಲ್ಲಿ ಅವಳು ಬರೆದಳು: ನನ್ನ ಗಂಡನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಮೂರು ವರ್ಷದಿಂದ ನಾನೇ ಹಾಕುತ್ತಿದ್ದೆ. ಇವತ್ತು ಬೆಳಿಗ್ಗೆಯೂ ನಾನೇ ಹಾಕಿದೆ.

ಓದಿ ನೋಡಿ, ಕೆಳಗೆ 'ಎರಡು' ಎಂದು ನಂಬರು ಹಾಕಿ, ಅವನು ಇನ್ನೇನೇನು ಮುಚ್ಚಿಟ್ಟಿದ್ದಾನೋ ಎಂದು ನಾಲ್ಕನೆಯ ಹಾಳೆ ತಿರುವಿದಳು.