ನೈಲ್ ನದಿಗೊಂದು ಮುಖವಾಡ

ನನ್ನ ತಂಗಿಯ ಮದುವೆ ಒಂದು ಚೋಟುದ್ದದ ಹುಡುಗಿಯ ಕೈಯಲ್ಲಿತ್ತು.

ಹುಡುಗಿ ಅಂದರೆ ಹಲ್ಲಿನ ಡಾಕ್ಟರ ಮಗಳು. ತಾಯಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಡಾಕ್ಟರು ನನ್ನ ತಂಗಿಯ ದವಡೆಹಲ್ಲು ಕೀಳಲು ಹೋಗಿ ಮನಸ್ಸು ಕಳೆದುಕೊಂಡವರು. ತಂಗಿಗೂ ಅವರೆಂದರೆ ಪ್ರಾಣ. ಆದರೆ "ಆ ಮಗು ಒಪ್ಪದೆ ನಾನು ಆ ಮನೆ ಹೊಸಿಲು ತುಳಿಯಲ್ಲ ಅಕ್ಕಾ" ಎಂದು ಪಟ್ಟು ಹಿಡಿದು ಕೂತಿದ್ದಳು. ಮಗುವೋ, ತಂಗಿಯನ್ನು ಏನೆಂದೂ ಕರೆಯದೆ, ಕನ್ನಡಕದ ಮೇಲಿಂದ ನೋಡುತ್ತಾ ಕೂತಿರುತ್ತಿದ್ದಳು. ನಾನು ಅವಳಿಗೆ ಜಡ್ಜಮ್ಮ ಎಂದು ಹೆಸರಿಟ್ಟಿದ್ದೆ.

ಜಡ್ಜಮ್ಮ ಬಾಯಿ ಬಿಟ್ಟಿದ್ದು ನಮ್ಮ ಅಂಗಡಿಗೆ ಬಂದ ದಿನ. ನಾವು ಅಕ್ಕ ತಂಗಿ ನಾಟಕದವರಿಗೆ ಮುಖವಾಡ ಮಾಡುವವರು. ಹಳೆ ಪೇಪರು, ಗೋಂದು, ಬಣ್ಣ, ಇಷ್ಟೇ ನಮ್ಮ ಬಂಡವಾಳ. ಗೋಡೆಯ ಮೊಳೆಗಳಲ್ಲಿ ತೂಗುತ್ತಿದ್ದ ರಾಜ, ಕರಡಿ, ರಾಕ್ಷಸರನ್ನೆಲ್ಲ ಒಂದು ಸುತ್ತು ನೋಡಿದವಳು, "ಅನುಬಿಸ್ ಇಲ್ವಾ?" ಎಂದು ಕೇಳಿದಳು.

"ಅದ್ಯಾರಮ್ಮ?" ಎಂದೆ.

"ಈಜಿಪ್ಟ್ ದೇವರು. ನರಿ ತಲೆ. ಗೊತ್ತಿಲ್ವಾ?"

ಅಲ್ಲಿಂದ ಮುಂದೆ ಅವಳ ಬಾಯಿಗೆ ಬೀಗವೇ ಇರಲಿಲ್ಲ. ಹುಟ್ಟಿದ ತಾರೀಖು ನೋಡಿ ಪ್ರತಿಯೊಬ್ಬರಿಗೂ ಒಂದು ಈಜಿಪ್ಟ್ ರಾಶಿಯಂತೆ. ಒಟ್ಟು ಹನ್ನೆರಡು, ಎಲ್ಲದರ ತಾರೀಖೂ ಅವಳಿಗೆ ಬಾಯಿಪಾಠ. ತಂಗಿಯ ತಾರೀಖು ಕೇಳಿ, "ಗೆಬ್. ಭೂಮಿ ದೇವರು. ತಲೆ ಮೇಲೊಂದು ಹೆಬ್ಬಾತು" ಎಂದಳು. ನನ್ನದು ಕೇಳಿ, "ಸೆಖ್ಮೆಟ್. ಸಿಂಹದ ಮುಖ. ತುಂಬಾ ಕೋಪ" ಎಂದಳು. ತಂಗಿ ನಗು ತಡೆಯಲಾರದೆ ಒಳಕೋಣೆಗೆ ಓಡಿದಳು. ಈಜಿಪ್ಟಿನ ಹಳಬರು ನಿಜಕ್ಕೂ ಹೀಗೆ ಲೆಕ್ಕ ಹಾಕುತ್ತಿದ್ದರೋ ಇಲ್ಲವೋ ದೇವರೇ ಬಲ್ಲ, ನನ್ನ ವಿಷಯದಲ್ಲಂತೂ ಲೆಕ್ಕ ತಪ್ಪಿರಲಿಲ್ಲ.

ಒಳಗಿಂದ ಬಂದವಳೇ ತಂಗಿ ಕಣ್ಣರಳಿಸಿ, "ನಿನ್ನ ಬರ್ತ್‌ಡೇ ಪಾರ್ಟಿಗೆ ಬರೋರಿಗೆಲ್ಲ ಅವರವರ ದೇವರ ಮುಖವಾಡ ನಾನು ಮಾಡಿಕೊಡ್ಲಾ?" ಎಂದಳು.

ಜಡ್ಜಮ್ಮ ಕನ್ನಡಕ ಮೇಲೇರಿಸಿದಳು. "ಎಲ್ಲಾ ಕರೆಕ್ಟಾಗಿರ್ಬೇಕು."

ಅಂದಿನಿಂದ ನಮಗೆ ಊಟ ನಿದ್ದೆಯ ಪರಿವೆಯಿಲ್ಲ. ಜಡ್ಜಮ್ಮ ಬರೆದುಕೊಟ್ಟ ಪಟ್ಟಿಯಿಂದ ತಂಗಿ ರಾಶಿಗಳ ಹೆಸರು ಓದುವುದು, ನಾನು ಒಂದೊಂದು ರಾಶಿಯ ತಲೆಗಳಿಗೆ ಒಂದೊಂದು ಮೊಳೆ ಹೊಡೆಯುವುದು. ಟಗರು, ಗಿಡುಗ, ಬೆಕ್ಕು, ರಣಹದ್ದು. ನಡುವೆ 'ನೈಲ್' ಎಂದು ಬಂದಾಗ ನಾನು, "ಅದು ನದಿ ಕಣೇ, ಅದಕ್ಕೆಲ್ಲಿ ತಲೆ? ಮುಂದಕ್ಕೆ ಹೋಗು" ಎಂದೆ. ಅವಳು ಹೋದಳು. ಡಾಕ್ಟರು ಕಳಿಸಿದ ಅತಿಥಿಗಳ ತಾರೀಖುಗಳಲ್ಲೂ ನೈಲಿನವರು ಯಾರೂ ಇರಲಿಲ್ಲ. ಹಾಗಾಗಿ ಹನ್ನೊಂದೇ ಮೊಳೆ.

ಜಡ್ಜಮ್ಮನ ತಾರೀಖನ್ನು ನಾವು ಕೇಳಲೇ ಇಲ್ಲ. ಗೊತ್ತಿದ್ದದ್ದನ್ನು ಯಾರಾದರೂ ಕೇಳುತ್ತಾರೆಯೇ? ಪಾರ್ಟಿ ಜೂನ್ ಮೂವತ್ತು, ಭಾನುವಾರ. ಜೂನ್ ಮೂವತ್ತಕ್ಕೆ ಅನುಬಿಸ್. ಅವಳು ಬಂದೊಡನೆ ಕೇಳಿದ್ದೂ ಅದನ್ನೇ ಅಲ್ಲವೇ ಎಂದು ನಾವು ಹಿಗ್ಗಿ ಹೀರೇಕಾಯಿಯಾದೆವು. ತಂಗಿ ಆ ನರಿಗೆ ಜೀವ ತೇಯ್ದಳು. ಕಪ್ಪು ಬಣ್ಣವನ್ನು ಉಜ್ಜಿ ಉಜ್ಜಿ ಹೊಳಪು ತಂದಳು, ನಿಮಿರಿದ ಕಿವಿಗಳ ಅಂಚಿಗೆ ಚಿನ್ನದ ಗೆರೆ ಎಳೆದಳು. ಇಷ್ಟು ಚೆಂದದ ತಲೆ ನಮ್ಮ ಅಂಗಡಿಯಿಂದ ಹಿಂದೆಂದೂ ಹೊರಬಿದ್ದಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಬೇಕೆಂದು ಕೇಳಲು ತಂಗಿ ಡಾಕ್ಟರಿಗೆ ಫೋನು ಮಾಡಿದಳು. ಸ್ಪೀಕರು ಹಾಕು ಎಂದು ನಾನೇ ಸನ್ನೆ ಮಾಡಿದ್ದೆ.

"ಊಟ ಆದ ತಕ್ಷಣ ಬಂದ್ಬಿಡಿ. ಇವಳು ಎದ್ದಾಗಿಂದ ಬಾಗಿಲಲ್ಲೇ ಇದ್ದಾಳೆ" ಎಂದರು ಡಾಕ್ಟರು. "ಬುಧವಾರ ನಿಜವಾದ ಹುಟ್ಟುಹಬ್ಬದ ದಿನ ಕೇಕು ಕೂಡ ಮುಟ್ಟಲಿಲ್ಲ, ಎಲ್ಲಾ ಭಾನುವಾರವೇ ಅಂತ. ನನಗೇನು ಮಾಡ್ತಾರೋ ನೋಡ್ಬೇಕು, ನನಗೇನು ಮಾಡ್ತಾರೋ ನೋಡ್ಬೇಕು, ಇದೇ ಜಪ."

ತಂಗಿ ಫೋನಿಟ್ಟು ಬಣ್ಣದ ಡಬ್ಬಿಯ ಮೇಲೆ ಕುಸಿದು ಕೂತಳು. ಬುಧವಾರ ಎಂದರೆ ಇಪ್ಪತ್ತಾರು. ಇಪ್ಪತ್ತಾರಕ್ಕೆ ನೈಲ್.

ಈ ತಪ್ಪು ಬೇರೆ ಯಾರೂ ಮಾಡುತ್ತಿರಲಿಲ್ಲ. ನಮ್ಮ ಕಸುಬಿನಲ್ಲಿ ತಾರೀಖು ಎಂದರೆ ಮಾಲು ಕೊಡುವ ತಾರೀಖು, ಅಷ್ಟೇ. ರಾಜನ ತಲೆ ಹತ್ತಕ್ಕೆ, ಕರಡಿ ತಲೆ ಹದಿನೈದಕ್ಕೆ. ಆ ಹುಡುಗಿಯನ್ನೂ ಮಾಲು ಕೊಡುವ ದಿನವೇ ಹುಟ್ಟಿಸಿಬಿಟ್ಟಿದ್ದೆವು!

"ಈಗ ಹೊಸ ತಲೆ ಮಾಡಿದ್ರೆ ಒಣಗೋದು ಯಾವಾಗ? ಗೋಂದು ಇಳೀತಾ ಇರುತ್ತೆ" ಎಂದಳು ತಂಗಿ.

"ತಲೆ ಕೆಡಿಸ್ಕೋಬೇಡ. ನರಿಯನ್ನೇ ಕೊಡು. ಅವಳಿಗೆ ಅದೇ ಇಷ್ಟ."

"ಅವಳಿಗೆ ತಾರೀಖು ಗೊತ್ತು ಅಕ್ಕಾ. ಮೊದಲ ದಿನವೇ ಸುಳ್ಳು ಹೇಳಿ ಆ ಮನೆಗೆ ಹೋಗ್ಲಾ?"

ನನಗೆ ಸಿಟ್ಟು ನೆತ್ತಿಗೇರಿತು. ಹಾಗಾದರೆ ಏನು ಮಾಡುತ್ತೀಯೋ ಮಾಡು ಎಂದು ಕಿರುಚಿದೆ. "ನದಿಗೆ ತಲೆ ಎಲ್ಲಿಂದ ತರ್ತೀಯಾ? ನಾಟಕದಲ್ಲಿ ನದಿ ಬಂದ್ರೆ ನಾವೇನು ತಲೆ ಮಾಡ್ತೀವಾ? ಬಟ್ಟೆ ಹಾಸ್ತೀವಿ!"

ಕಿರುಚಿದವಳು ನಾನೇ ಬಾಯಿ ಮುಚ್ಚಿಕೊಂಡೆ. ತಂಗಿ ನನ್ನ ಮುಖ ನೋಡಿದಳು. ಮರುಕ್ಷಣ ಇಬ್ಬರೂ ಅಟ್ಟದ ಏಣಿಗೆ ಓಡಿದೆವು.

ಹಳೆಯ ನಾಟಕವೊಂದಕ್ಕೆ ಕೊಟ್ಟು ವಾಪಸ್ಸು ಬಂದ ನೀಲಿ ಬಟ್ಟೆ ಪೆಟ್ಟಿಗೆಯ ತಳದಲ್ಲಿತ್ತು. ಕೊಡವಿದರೆ ಅಂಗಡಿಯ ಉದ್ದಕ್ಕೂ ಬಿತ್ತು. ಅಲ್ಲಲ್ಲಿ ಹುಳ ತಿಂದ ತೂತು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ತಂಗಿ ಮಾತ್ರ ಕುಣಿಯುತ್ತಿದ್ದಳು. ಬೆಳ್ಳಿ ಕಾಗದದಲ್ಲಿ ಮೀನು ಕತ್ತರಿಸಿ ಒಂದೊಂದು ತೂತಿಗೆ ಒಂದೊಂದು ಅಂಟಿಸಿದಳು. ತೂತು ಹೆಚ್ಚಿದ್ದಷ್ಟೂ ಮೀನು ಹೆಚ್ಚಾಯಿತು. ನನಗೂ ಹುಚ್ಚು ಹಿಡಿದಂತಾಗಿ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತೆ. ಊಟ ಮರೆತೇ ಹೋಯಿತು. ಹೊರಡುವಾಗ ಮಾತ್ರ, ಅವಳ ಕಣ್ಣು ತಪ್ಪಿಸಿ ಆ ನರಿಯನ್ನೂ ನನ್ನ ಚೀಲಕ್ಕೆ ತುರುಕಿಕೊಂಡೆ. ಬಟ್ಟೆ ಕೈಕೊಟ್ಟರೆ ತಂಗಿಯ ಬಾಳು ಏನಾಗಬೇಕು?

ಡಾಕ್ಟರ ಮನೆಯ ನಡುಕೋಣೆಯಲ್ಲಿ ಕಿವಿ ಹರಿಯುವಷ್ಟು ಗಲಾಟೆ. ತಲೆಗಳನ್ನು ಹಂಚಿದ್ದೇ ತಡ, ಬೆಕ್ಕುಗಳು ಟಗರಿನ ಬೆನ್ನು ಹತ್ತಿದವು, ಗಿಡುಗ ಸೋಫಾದಿಂದ ಹಾರಿತು. ಡಾಕ್ಟರದ್ದು ಹಕ್ಕಿ ತಲೆಯ ಥೋತ್ ದೇವರು, ಉದ್ದ ಬಾಗಿದ ಕೊಕ್ಕು. ಪಾಪ, ತಿರುಗಿದಲ್ಲೆಲ್ಲ ಕೊಕ್ಕು ಯಾರಿಗಾದರೂ ತಾಗಿ ಕ್ಷಮೆ ಕೇಳುವುದೇ ಅವರ ಕೆಲಸವಾಯಿತು. ಜಡ್ಜಮ್ಮ ಮಾತ್ರ ನಡುವೆ ಬರಿ ಮುಖದಲ್ಲಿ ನಿಂತು ನನ್ನ ಚೀಲ ನೋಡುತ್ತಿದ್ದಳು. ಚಿನ್ನದ ಅಂಚಿನ ಕಿವಿಯೊಂದು ಹೊರಗೆ ಇಣುಕುತ್ತಿತ್ತು.

"ಅದು ಅನುಬಿಸ್ ಅಲ್ವಾ? ನನಗಾ?"

ಅವಳ ಕಣ್ಣಲ್ಲಿ ಎಂಥ ಆಸೆ! ನಾನು ಹೂಂ ಎನ್ನಲು ಬಾಯಿ ತೆರೆದೆ. ತಂಗಿ ಹೆಬ್ಬಾತಿನ ಮುಖವಾಡ ತೆಗೆದು ಅವಳೆದುರು ಕೂತಳು.

"ನಿನಗೆ ಅಂತಲೇ ಮಾಡಿದ್ದು. ಆದರೆ ನಿನ್ನದಲ್ಲ. ಪಾರ್ಟಿ ದಿನವೇ ಬರ್ತ್‌ಡೇ ಅಂದ್ಕೊಂಡ್ಬಿಟ್ಟಿದ್ದೆ. ಬೆಳಿಗ್ಗೆ ಗೊತ್ತಾಯ್ತು, ನೀನು ನೈಲ್ ಅಂತ. ನಿನಗೆ ತಲೆ ಮಾಡಿಲ್ಲ ಪುಟ್ಟಾ."

ಡಾಕ್ಟರ ಕೊಕ್ಕು ನೆಲ ನೋಡಿತು. ನನಗೆ ತಂಗಿಯ ಬಾಯಿಗೆ ಬಟ್ಟೆ ತುರುಕುವಷ್ಟು ಕೋಪ ಬಂತು.

"ನೈಲ್‌ಗೆ ತಲೆ ಇಲ್ಲ ಅಂತ ನಂಗೊತ್ತು" ಎಂದಳು ಜಡ್ಜಮ್ಮ ನಿಧಾನವಾಗಿ. "ಎಲ್ರಿಗೂ ಮುಖ ಇದೆ, ನನ್ನದಕ್ಕೆ ಮಾತ್ರ ಏನೂ ಇಲ್ಲ. ಅದಕ್ಕೇ ನೀವೇನು ಮಾಡ್ತೀರಾ ಅಂತ ಕಾಯ್ತಿದ್ದೆ."

ತಂಗಿ ತಂದಿದ್ದ ನೀಲಿ ಬಟ್ಟೆಯ ಗಂಟು ಬಿಚ್ಚಿ ಅದರ ಒಂದು ತುದಿಯನ್ನು ಅವಳ ಕೈಗಿಟ್ಟಳು. ಇನ್ನೊಂದು ತುದಿ ಹಿಡಿದು ಹಿಂದೆ ಹಿಂದೆ ಸರಿದು ಒಮ್ಮೆ ಜಾಡಿಸಿದಳು. ನೀಲಿ ಎದ್ದಿತು. ಬೆಳ್ಳಿ ಮೀನುಗಳು ಕೋಣೆಯ ಈ ತುದಿಯಿಂದ ಆ ತುದಿಗೆ ಓಡಿದವು. ಮಕ್ಕಳು ಹೋ ಎಂದು ಕೂಗಿ ಅಲೆಯ ಕೆಳಗೆ ನುಗ್ಗಿದರು.

"ಒಬ್ಬರೇ ಹಿಡಿದ್ರೆ ಇದು ಬರೀ ಬಟ್ಟೆ. ಇಬ್ಬರು ಬೇಕು. ಇನ್ನೊಂದು ಕಡೆ ಯಾರು ಅಂತ ನೀನೇ ಹೇಳು" ಎಂದಳು ತಂಗಿ.

ನಾನು ಮುಂದೆ ಬಂದೆ. ಜಡ್ಜಮ್ಮ ನನ್ನನ್ನು ಒಂದೇ ನೋಟದಲ್ಲಿ ನಿಲ್ಲಿಸಿದಳು. "ನೀವು ಸೆಖ್ಮೆಟ್. ಅಲ್ಲೇ ಇರಿ." ಆಮೇಲೆ ತಂಗಿಯ ಕಡೆ ತಿರುಗಿದಳು.

"ನೀನು ಭೂಮಿ ಅಲ್ವಾ? ನದಿ ಪಕ್ಕ ಭೂಮಿ ತಾನೆ ಇರೋದು? ನೀನೇ ಹಿಡ್ಕೋ. ಬಿಡಬೇಡ."

ತಂಗಿ ಬಿಡಲಿಲ್ಲ. ಮಕ್ಕಳು ಕುಣಿದು ಕುಣಿದು ಸುಸ್ತಾಗಿ ಕೂತರು, ನರಿ ಯಾರದೋ ತಲೆಯೇರಿ ಹೋಯಿತು, ಅವಳು ಮಾತ್ರ ಮೂಲೆಯಲ್ಲಿ ಬಟ್ಟೆಯ ತುದಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದಳು. ಕೇಕು ಕತ್ತರಿಸಿಯಾಯಿತು.

"ಕೈ ನೋಯಲ್ವಾ? ಕೆಳಗಿಟ್ಟು ಬನ್ನಿ, ಕೇಕು ತಿನ್ನಿ" ಎಂದರು ಡಾಕ್ಟರು.

"ಬಿಡಬೇಡ ಅಂದಿದ್ದಾಳೆ" ಎಂದಳು ತಂಗಿ.

ಜಡ್ಜಮ್ಮ ತನ್ನ ತುದಿಯನ್ನು ಭುಜದ ಮೇಲೆ ಹಾಕಿಕೊಂಡು, ಕೇಕಿನ ದೊಡ್ಡ ತುಂಡೊಂದನ್ನು ಕೈಯಲ್ಲಿ ಹಿಡಿದು, ನದಿಯ ಉದ್ದಕ್ಕೂ ನಡೆದು ಅವಳ ಹತ್ತಿರ ಬಂದಳು.

"ಬಾಯಿ ತೆಗಿ" ಎಂದಳು.