ನಾಲ್ಕನೆಯ ಲೋಟ

ಸೀದ ಕಾಕಂಬಿಯ ವಾಸನೆ ಎಂದರೆ ಲೋರ್ನಾಗೆ ಅಜ್ಜಿಯ ಅಡುಗೆಮನೆ. ಬೇರುಗಳೂ ಬರ್ಚ್ ಮರದ ತೊಗಟೆಯೂ ಕುದಿಯುತ್ತಿರುವಾಗ ಅಜ್ಜಿ ಪಕ್ಕದ ಒಲೆಯಲ್ಲಿ ಕಾಕಂಬಿಯನ್ನು ಬೇಕೆಂದೇ ತುಸು ಸೀಯಿಸಿ ಅದಕ್ಕೆ ಸುರಿಯುತ್ತಿದ್ದಳು. ಹೆಸರು ಬಿಯರಾದರೂ ಅಮಲಿಲ್ಲದ, ಮಕ್ಕಳೂ ಕುಡಿಯುವ ಸಿಹಿ ಪಾನೀಯವಾದ ಆ ರೂಟ್ ಬಿಯರಿನ ಗುಟ್ಟು ಅದೇ. ಸಾಯುವ ಮೊದಲು ಲೋರ್ನಾಗೂ ತಂಗಿ ವರ್ಡಾಗೂ ಮಾತ್ರ ಹೇಳಿಕೊಟ್ಟು, ಯಾರಿಗೂ ಬಿಟ್ಟುಕೊಡುವುದಿಲ್ಲವೆಂದು ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದಳು.

ಪೆನ್ಸಿಲ್ವೇನಿಯಾದ ಆ ಊರಿನ ಅಗ್ನಿಶಾಮಕ ಠಾಣೆಯಲ್ಲಿ ಪ್ರತಿ ಆಗಸ್ಟ್‌ನಲ್ಲೂ ರುಚಿ ನೋಡುವ ಪಂದ್ಯ. ದಿನಸಿ ಅಂಗಡಿಗಳು ತಮ್ಮದೇ ಹೆಸರು ಅಂಟಿಸಿ ಮಾರುವ ಅಗ್ಗದ ರೂಟ್ ಬಿಯರುಗಳನ್ನು ನಂಬರು ಬರೆದ ಕಾಗದದ ಲೋಟಗಳಲ್ಲಿ ಕೊಡುತ್ತಾರೆ. ಕುಡಿದವರು ಹತ್ತಕ್ಕೆ ಇಷ್ಟೆಂದು ಅಂಕ ಹಾಕಬೇಕು. ಲೋರ್ನಾಳ ನಾಲಿಗೆಯೆಂದರೆ ಊರಿಗೆಲ್ಲ ನಂಬಿಕೆ.

"ಇದು ಹಲ್ಲುಜ್ಜೋ ಪೇಸ್ಟು. ಮೂರು," ಎಂದು ಲೋರ್ನಾ ಮೊದಲ ಲೋಟ ಕೆಳಗಿಟ್ಟಳು.

"ಎರಡನೇದು ಕುಡಿದು ನೋಡು, ಇದಕ್ಕೆ ಮೂರು ಕಮ್ಮಿ ಆಯ್ತು ಅಂತೀಯ," ಎಂದ ಲೋಟ ತುಂಬುತ್ತಿದ್ದ ಎಲಮ್. "ಅದಕ್ಕಿಂತ ಫೈರ್ ಎಂಜಿನ್ ತೊಳೆದ ನೀರೇ ವಾಸಿ."

ಎಲ್ಲರೂ ನಕ್ಕರು. ಪಕ್ಕದಲ್ಲಿದ್ದ ವರ್ಡಾ ನಗಲಿಲ್ಲ.

ನಾಲ್ಕನೆಯ ಲೋಟದ ಮೊದಲ ಗುಟುಕಿಗೇ ನಾಲಿಗೆಯ ಬುಡದಲ್ಲಿ ಸೀದ ಕಾಕಂಬಿಯ ಆ ಕಹಿ. ಲೋರ್ನಾ ಮತ್ತೊಮ್ಮೆ ಕುಡಿದಳು.

"ವರ್ಡಾ, ಇದು ಅಜ್ಜೀದು."

ತಂಗಿ ತಲೆ ಎತ್ತಲಿಲ್ಲ. "ಹೌದಕ್ಕ, ಅಂಗಡಿಯವರಿಗೆ ನಾನೇ ಕೊಟ್ಟೆ. ನೀನು ಮಾಡೋದು ಬಿಟ್ಟು ಆರು ವರ್ಷ ಆಯ್ತು. ಹಾಗೇ ಮಣ್ಣುಪಾಲಾಗ್ಲಿ ಅಂತಿದ್ಯಾ?"

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಗೊತ್ತಿದ್ದೂ ಕೊಟ್ಯಲ್ಲ."

"ನಾಲ್ಕಕ್ಕೆ ಎಷ್ಟು ಹಾಕ್ಲಿ ಲೋರ್ನಾ?" ಎಲಮ್ ಪೆನ್ಸಿಲ್ ಹಿಡಿದು ನಿಂತಿದ್ದ.

ಸೊನ್ನೆ ಎಂದುಬಿಡಬೇಕೆನಿಸಿತು. ಬಾಯಲ್ಲಿನ್ನೂ ಆ ರುಚಿ ಇತ್ತು. "ಒಂಬತ್ತು," ಎಂದಳು.

"ಅಬ್ಬಾ! ನಿನ್ನ ಕೈಯಿಂದ ಏಳು ದಾಟಿದ್ದೇ ಇಲ್ವಲ್ಲ!"

ವರ್ಡಾ ಕಣ್ಣು ತುಂಬಿಕೊಂಡು ಅಕ್ಕನ ಕೈ ಹಿಡಿಯಲು ಬಂದಳು. ಲೋರ್ನಾ ಕೈ ಹಿಂದಕ್ಕೆಳೆದುಕೊಂಡಳು. "ಆ ಅಂಕ ಅಜ್ಜಿಗೆ. ನಿನಗಲ್ಲ."

ಲೋರ್ನಾ ಹೊರಗೆ ಬಂದು ಕಾರಿನಲ್ಲಿ ಕೂತರೂ ಕೀಲಿ ತಿರುಗಿಸಲು ಕೈ ಬರಲಿಲ್ಲ. ಐವತ್ತು ವರ್ಷ ಇಬ್ಬರೂ ಒಟ್ಟಿಗೆ ಕಾಪಾಡಿಕೊಂಡು ಬಂದ ಗುಟ್ಟನ್ನು ವರ್ಡಾ ಒಬ್ಬಳೇ ಕೊಟ್ಟುಬಿಟ್ಟಿದ್ದಳು.

ಕಿಟಕಿಯ ಬಳಿ ಎಲಮ್ ಬಂದು ನಿಂತ. ಪಂದ್ಯದ ಬಳಿಕದ ಊಟವನ್ನು ಒಳಗೆ ಇನ್ನೂ ಯಾರಿಗೂ ಬಡಿಸಿರಲಿಲ್ಲ. ಅವಳ ಪಾಲನ್ನು ಅವನು ಮೊದಲೇ ತಂದಿದ್ದ. ಕೋಳಿಮಾಂಸ, ದಪ್ಪ ಶಾವಿಗೆ ತುಂಬಿದ ಬಿಸಿ ಡಬ್ಬಿಯನ್ನು, ಮೇಲೊಂದು ಚಮಚವಿಟ್ಟು, ಅವಳ ಕೈಗೆ ಕೊಟ್ಟ.