ಅಪ್ಪನ ಎದುರು ವಕಾಲತ್ತು

ಲೊರೆಟಾ ಸಾಂತೊರೊಳ ಅಜ್ಜ ಮೇಯರ್ ಆಗಿದ್ದವನು, ಅಪ್ಪ ವಿನ್ಸೆಂಟ್ ಗವರ್ನರ್ ಆಗಿದ್ದವನು. ಅಮೆರಿಕದ ಈಶಾನ್ಯ ಕರಾವಳಿಯ ಆ ಪುಟ್ಟ ರಾಜ್ಯದಲ್ಲಿ ಆ ಮನೆತನದ ಹೆಸರು ಕೇಳದವರಿರಲಿಲ್ಲ. ಹಾಗಾಗಿ ಲೊರೆಟಾ ಚುನಾವಣೆ ಗೆದ್ದು ಅಟಾರ್ನಿ ಜನರಲ್ ಆದಾಗ, ಅಂದರೆ ಸರ್ಕಾರದ ದೊಡ್ಡ ವಕೀಲಳಾದಾಗ, ಅಪ್ಪನ ಹೆಸರಲ್ಲಿ ಗೆದ್ದಳೆಂದು ಆಡಿಕೊಂಡವರೇ ಹೆಚ್ಚು.

ಅದೇ ವರ್ಷ ಹೋಲ್ಡನ್ ಕೊಲ್ಲಿಯ ಚಿಪ್ಪುಮೀನು ಹೆಕ್ಕುವವರು ಸರ್ಕಾರದ ಮೇಲೆ ದಾವೆ ಹೂಡಿದರು. ಚರಂಡಿಯ ಕೊಳವೆಯಿಂದ ಕೊಳಕು ಸೇರುತ್ತದೆಂದು ಸರ್ಕಾರ ಅಲ್ಲಿ ಹೆಕ್ಕುವುದನ್ನು ನಿಷೇಧಿಸಿ ಕೊಲ್ಲಿಯನ್ನು ಮುಚ್ಚಿಸಿತ್ತು. ಕೊಳವೆ ಕಿತ್ತು ಎಷ್ಟೋ ಕಾಲವಾಯಿತು, ಇನ್ನಾದರೂ ತೆರೆಯಿರಿ ಎಂಬುದು ಅವರ ವಾದ. ಅವರ ವಕೀಲ ಯಾರೆಂದು ನೋಡಿದರೆ, ಅಧಿಕಾರ ಬಿಟ್ಟ ಮೇಲೆ ಮತ್ತೆ ವಕೀಲಿಗೆ ಇಳಿದಿದ್ದ ಅಪ್ಪ ವಿನ್ಸೆಂಟ್ ಸಾಂತೊರೊ.

ಭಾನುವಾರ ಊಟಕ್ಕೆ ಕೂತಾಗ ಅಮ್ಮ ರೊಸಾಲಿ ಮೊದಲೇ ಹೇಳಿಬಿಟ್ಟಳು: "ಇಲ್ಲಿ ಕೇಸಿನ ಮಾತೆತ್ತಿದ್ರೆ ಇಬ್ರಿಗೂ ಊಟ ಇಲ್ಲ."

ಕೊಲ್ಲಿಯ ನೀರು ಇನ್ನೂ ಕೊಳಕೆಂದ ಪರಿಸರ ಇಲಾಖೆಯ ವರದಿ ಲೊರೆಟಾಳಿಗೆ ಸಮಾಧಾನ ತರಲಿಲ್ಲ. ಒಂದು ಬೆಳಿಗ್ಗೆ ಸಮುದ್ರದ ಇಳಿತದ ಹೊತ್ತಿಗೆ ರಬ್ಬರ್ ಬೂಟು ತೊಟ್ಟು ಒಬ್ಬಳೇ ಕೊಲ್ಲಿಗೆ ಹೋದಳು. ಅಲ್ಲಿ, ತಾನೂ ಕೊಲ್ಲಿ ನೋಡಲು ಬಂದು ಮೊಣಕಾಲುದ್ದ ಕೆಸರಿನಲ್ಲಿ ಹೂತು ನಿಂತಿದ್ದವನು ಅಪ್ಪ.

"ನೋಡ್ತಾ ನಿಂತಿದ್ದೀಯಲ್ಲೇ, ಕೈ ಕೊಡು."

"ಕೈ ಕೊಡೋದು ನಿಮ್ಮ ಕಾಲದ ರಾಜಕೀಯದವರ ಕೆಲಸ, ಅಪ್ಪ. ನಾನು ಹಿಡಿದು ಎಳೀತೀನಿ, ಬನ್ನಿ."

ಇಬ್ಬರೂ ಕೆಸರಲ್ಲಿ ಬಿದ್ದು ಎದ್ದರು. ದಡದಲ್ಲಿ ಕೊಳವೆಯ ಗುರುತೂ ಇರಲಿಲ್ಲ, ಹುಲ್ಲು ಬೆಳೆದಿತ್ತು. ಲೊರೆಟಾ ನೀರನ್ನು ಮತ್ತೆ ಪರೀಕ್ಷೆ ಮಾಡಿಸಿದಳು. ನೀರು ಶುದ್ಧವಾಗಿತ್ತು.

"ಹಿಂದೆ ಸರಿದ್ರೆ ಅಪ್ಪನಿಗೆ ಸೋತಳು ಅಂತಾರೆ, ಮೇಡಂ," ಎಂದ ಅವಳ ಸಹಾಯಕ ವಕೀಲ.

"ಅನ್ನಲಿ ಬಿಡಿ. ಸುಳ್ಳು ವಾದ ಮಾಡಿ ಗೆದ್ದು ಏನು ಮಾಡ್ಲಿ?"

ಕೋರ್ಟಿನಲ್ಲಿ ಅವಳೇ ಮೊದಲು ಎದ್ದು ನಿಂತಳು. "ಕೊಲ್ಲಿ ಮುಚ್ಚಿದ ಆದೇಶ ತಪ್ಪು. ಸರ್ಕಾರ ವಾಪಸ್ ತಗೊಳ್ಳುತ್ತೆ," ಎಂದಳು.

ವಿನ್ಸೆಂಟ್ ಅರ್ಧ ಎದ್ದಿದ್ದ. "ಸ್ವಾಮಿ, ನಾನಿನ್ನೂ ಬಾಯೇ ತೆರೆದಿಲ್ಲ."

"ಗೆದ್ದಿದ್ದೀರಲ್ಲ, ಕೂತ್ಕೊಳ್ಳಿ," ಎಂದರು ನ್ಯಾಯಾಧೀಶರು.

ಅಂದುಕೊಂಡಂತೆಯೇ ಪತ್ರಿಕೆಗಳು ಅಪ್ಪನಿಗೆ ಸೋತ ಮಗಳೆಂದು ಬರೆದವು. ಲೊರೆಟಾಳಿಗೆ ಎರಡು ದಿನ ಬೇಸರವಾಯಿತು. ಕೊಲ್ಲಿ ತೆರೆದ ದಿನ ಹೋಲ್ಡನ್ನಿನವರು ಅವಳನ್ನು ಕರೆದು ಬಿಸಿಬಿಸಿ ಚಿಪ್ಪುಮೀನಿನ ಸಾರು ಬಡಿಸಿದರು. ವಿನ್ಸೆಂಟ್ ಮಗುಚಿಟ್ಟ ದೋಣಿಯನ್ನು ಹತ್ತಿ, ಕೋರ್ಟಿನಲ್ಲಿ ಉಳಿದುಹೋದ ವಾದವನ್ನು ಅಲ್ಲಿ ಪೂರ್ತಿ ಮಂಡಿಸಿದ. ಜನ ಚಪ್ಪಾಳೆ ತಟ್ಟಿದರು.

"ಚೆನ್ನಾಗಿತ್ತೇನೇ?" ಎಂದು ಇಳಿದು ಬಂದು ಕೇಳಿದ.

"ಸ್ವಲ್ಪ ಉದ್ದ ಆಯ್ತು, ಅಪ್ಪ. ಕೋರ್ಟಲ್ಲಿ ಇದನ್ನ ಹೇಳಿದ್ದಿದ್ರೆ ಸೋಲ್ತಿದ್ರಿ."

ಮುಂದಿನ ಚುನಾವಣೆಯಲ್ಲೂ ಲೊರೆಟಾ ಗೆದ್ದಳು. ಹೋಲ್ಡನ್ನಿನಲ್ಲಿ ಎದುರಾಳಿಗೆ ಹತ್ತಿ ನಿಂತು ಭಾಷಣ ಮಾಡಲು ಒಂದು ದೋಣಿಯೂ ಸಿಕ್ಕಲಿಲ್ಲವಂತೆ.